ಪೆಟ್ಟಿಗೆಗೊಂದು ಕಾಯಂ ವಿಳಾಸ

ಕರೆಂಟು ಹೋಗಿ ಬಂದಾಗಲೆಲ್ಲ ಚಿಕ್ಕಬಸವಯ್ಯನವರ ಪೆಟ್ಟಿಗೆ ಕಳೆದುಹೋಗುತ್ತಿತ್ತು. ಕಳೆದುಹೋಗುವುದೆಂದರೆ ಯಾರೋ ಎತ್ತಿಕೊಂಡು ಹೋದರು ಅಂತಲ್ಲ. ಲಕ್ಷ್ಮೀಪುರಂನ ಅವರ ಮನೆಯ ನಡುಮನೆಯಲ್ಲಿ, ದೇವರ ಕೋಣೆಯ ಪಕ್ಕದ ಸ್ಟೂಲಿನ ಮೇಲೆ ಅದು ಇಟ್ಟಲ್ಲೇ ಇರುತ್ತಿತ್ತು, ಹಸಿರು ದೀಪ ಪಿಳಿಪಿಳಿ ಅನ್ನುತ್ತಿತ್ತು. ಆದರೆ ಕಂಪ್ಯೂಟರಿನ ಮುಂದೆ ಕೂತು ತೆರೆಯಹೋದರೆ ಅಂಥದ್ದು ಯಾವುದೂ ಇಲ್ಲ ಎಂಬ ಉತ್ತರ ಬರುತ್ತಿತ್ತು. ಕಣ್ಣೆದುರಿಗೆ ಕೂತಿರುವುದನ್ನೇ ಇಲ್ಲ ಅಂದುಬಿಟ್ಟರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ, ಹೇಳಿ?

ಚಿಕ್ಕಬಸವಯ್ಯನವರು ಮನೆಯಲ್ಲೇ ಕೂತು ಮದುವೆ, ಗೃಹಪ್ರವೇಶ, ನಾಮಕರಣಗಳ ಆಹ್ವಾನಪತ್ರಿಕೆ ಜೋಡಿಸಿಕೊಡುವವರು. ಪೆಟ್ಟಿಗೆಯೆಂದರೆ ಎರಡು ಹಾರ್ಡ್ ಡಿಸ್ಕ್ ಹೊಟ್ಟೆಯಲ್ಲಿಟ್ಟುಕೊಂಡ, ಬ್ರೆಡ್ಡಿನ ಪೌಂಡಿಗಿಂತ ಸ್ವಲ್ಪ ದೊಡ್ಡದಾದ ಒಂದು ಕರೀ ಸರ್ವರ್. ಎಷ್ಟೋ ವರ್ಷದ ಪತ್ರಿಕೆಗಳೆಲ್ಲ ಅದರೊಳಗಿದ್ದವು. ಅಕ್ಕನ ಮದುವೆಯ ಪತ್ರಿಕೆ ತೆಗೆದು, ವಧೂವರರ ಹೆಸರು ಬದಲಾಯಿಸಿ, ಈಚೆಗೆ ತೀರಿಕೊಂಡ ಅಜ್ಜನನ್ನು ಆಶೀರ್ವದಿಸುವವರ ಸಾಲಿನಿಂದ ತೆಗೆದರೆ ತಂಗಿಯ ಪತ್ರಿಕೆ ಸಿದ್ಧ. ಯಾವ ಮನೆಯಲ್ಲಿ ಯಾರು ಹಿರಿಯರು, ಯಾರ ಹೆಸರು ಯಾರ ಕೆಳಗೆ ಬಂದರೆ ಜಗಳವಾಗುತ್ತದೆ ಎನ್ನುವುದೂ ಆ ಪೆಟ್ಟಿಗೆಗೇ ಗೊತ್ತಿತ್ತು. ಅದು ಸಿಗದಿದ್ದರೆ ಅಯ್ಯನವರ ಕೈಕಾಲೇ ಆಡುತ್ತಿರಲಿಲ್ಲ.

ಅದು ಕಳೆಯುವ ಕಾರಣವನ್ನು ಮಗಳು ಧನುಶ್ರೀ ಬಿಡಿಸಿ ಹೇಳಿದ್ದಳು. ಮನೆಗೆ ಇಂಟರ್ನೆಟ್ ತರುವ ರೌಟರ್ ಎಂಬ ಡಬ್ಬಿ, ಕರೆಂಟು ಬಂದೊಡನೆ ಮನೆಯ ಯಂತ್ರಗಳಿಗೆಲ್ಲ ಒಂದೊಂದು ನಂಬರು ಹಂಚುತ್ತದೆ. ಮೊದಲು ಕೇಳಿದವರಿಗೆ ಮೊದಲನೆಯದು. ಇವತ್ತು ಪೆಟ್ಟಿಗೆಗೆ ಸಿಕ್ಕ ನಂಬರು ನಾಳೆ ಪ್ರಿಂಟರಿಗೆ ಹೋಗಬಹುದು. ಕಂಪ್ಯೂಟರು ಮಾತ್ರ ಪಾಪ, ಹಳೇ ನಂಬರಿನ ಬಾಗಿಲನ್ನೇ ತಟ್ಟುತ್ತ ಕೂತಿರುತ್ತದೆ.

“ಇದೆಂಥ ಅನ್ಯಾಯ ಕಣಮ್ಮ! ನಮ್ ಕಾಲದಲ್ಲಿ ಹಿಂಗಿರ್ಲಿಲ್ಲ” ಎನ್ನುತ್ತಿದ್ದರು ಅಯ್ಯನವರು. ಅದು ಸುಳ್ಳಲ್ಲ. ಹದಿನೇಳನೇ ವಯಸ್ಸಿಗೆ ಪ್ರೆಸ್ಸು ಸೇರಿ ಅಚ್ಚಿನ ಮೊಳೆ ಜೋಡಿಸಿದವರು ಅವರು. ಮರದ ಕೇಸಿನ ಖಾನೆಗಳಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಜಾಗ. ಕಣ್ಣು ಹಸ್ತಪ್ರತಿಯ ಮೇಲಿದ್ದರೂ ಕೈ ತಾನೇ ಹೋಗಿ ಬೇಕಾದ ಮೊಳೆ ಎತ್ತುತ್ತಿತ್ತು. ೧೯೯೪ರಲ್ಲಿ ಕಂಪ್ಯೂಟರ್ ಬಂತು, ಮೊಳೆಗಳೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಆ ದಿನ ಅವರು ಮನೆಗೆ ಬಂದು ಊಟವನ್ನೂ ಮಾಡದೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದರು. ಆಮೇಲೆ ನಲವತ್ತನಾಲ್ಕರ ವಯಸ್ಸಿನಲ್ಲಿ, ಮೀಸೆ ಚಿಗುರುತ್ತಿದ್ದ ಹುಡುಗರ ನಡುವೆ ಕೂತು ಟೈಪಿಂಗ್ ಕಲಿತು, ಎರಡನೇ ಸಲ ಬದುಕು ಕಟ್ಟಿಕೊಂಡರು. ಇಂಥ ಮನುಷ್ಯನನ್ನು ಒಂದು ಡಬ್ಬಿ ಆಟ ಆಡಿಸುವುದೆಂದರೆ!

ಪೆಟ್ಟಿಗೆ ಕಳೆದಾಗಲೆಲ್ಲ ಅವರು ಪಾಲಿಟೆಕ್ನಿಕ್ಕಿನಲ್ಲಿ ಕೆಲಸ ಮಾಡುವ ಮಗಳಿಗೆ ಫೋನು ಹಚ್ಚುತ್ತಿದ್ದರು. ಅವಳು ಲ್ಯಾಬಿನಿಂದ ಹೊರಗೆ ಬಂದು, ಪಿಸುದನಿಯಲ್ಲಿ, “ನೂರಾ ಎರಡು ಹಾಕಿ ನೋಡಿ. ಇಲ್ವಾ? ನೂರಾ ನಾಲ್ಕು?” ಎಂದು ಒಂದೊಂದಾಗಿ ಹೇಳುವಳು. ಸಿಕ್ಕ ಕೂಡಲೇ ಅಯ್ಯನವರು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ನಂಬರು ಗೀಚಿ, “ಸಿಕ್ತು” ಎಂದು ಫೋನಿಟ್ಟುಬಿಡುವರು. ಎರಡು ವರ್ಷ ಇದೇ ನಡೆಯಿತು.

೨೦೦೮ರ ಬೇಸಿಗೆಗೆ ಧನುಶ್ರೀಯ ಮದುವೆ ಗೊತ್ತಾಯಿತು. ಗಂಡು ಇಲವಾಲದ ಶಿವಕಿರಣ್. ಇಲವಾಲವೇನು ಏಳು ಸಮುದ್ರದಾಚೆ ಇಲ್ಲ, ಸಿಟಿ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ಆದರೂ ನಿಶ್ಚಿತಾರ್ಥ ಮುಗಿದ ಸಂಜೆ ಚಿಕ್ಕಬಸವಯ್ಯನವರು ಹೆಂಡತಿ ನೀಲಮ್ಮನ ಮುಂದೆ ಮೆಲ್ಲಗೆ ಹೇಳಿದರು: “ಧನು ಹೋದ್ಮೇಲೆ ನಾನು ಈ ಕೆಲಸ ನಿಲ್ಲಿಸ್ಬುಡ್ತೀನಿ ಕಣೇ. ಹೊಸ ಮನೇಲಿ ಸೊಸೆಗೆ ದಿನಾ ತವರಿಂದ ನಂಬರ್ ಕೇಳ್ಕೊಂಡು ಫೋನ್ ಬಂದ್ರೆ ಚೆನ್ನಾಗಿರುತ್ತಾ?”

ಮಾತು ಧನುಶ್ರೀಯ ಕಿವಿಗೆ ಬಿತ್ತು. ಉರಿದುಬಿದ್ದಳು. “ನಿಲ್ಲಿಸ್ಬುಡ್ತಾರಂತೆ! ಪೆಟ್ಟಿಗೆಗೆ ಒಂದು ಕಾಯಂ ನಂಬರ್ ಕೊಟ್ಟರಾಯ್ತು ಅಪ್ಪಾಜಿ. ಎಷ್ಟು ಸಲ ಹೇಳ್ದೆ, ಕೈ ಹಾಕ್ಬೇಡ, ಒಳಗಿರೋದೆಲ್ಲ ಹೋಗುತ್ತೆ ಅಂತ ನೀವೇ ಬಿಡ್ಲಿಲ್ಲ. ಐದು ನಿಮಿಷದ ಕೆಲಸ. ಈಗ್ಲೇ ಮಾಡ್ಕೊಡ್ತೀನಿ.”

ಅಯ್ಯನವರು ಕೈ ಅಡ್ಡ ಹಿಡಿದರು. “ನೀನು ಮಾಡ್ಕೊಟ್ಟು ಹೋದ್ರೆ, ನಾಳೆ ಕೆಟ್ಟಾಗ ಯಾರನ್ನ ಕೇಳ್ಲಿ? ಮಾಡಿದ್ರೆ ನಾನೇ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ಅಂಗಡಿ ಬಾಗಿಲು ಹಾಕ್ತೀನಿ. ಇನ್ನು ನಿಮ್ಮಿಷ್ಟ.”

ಧನುಶ್ರೀ ಒಂದು ಹಳೇ ಪತ್ರಿಕೆಯ ಹಿಂಬದಿಯಲ್ಲಿ ಎಲ್ಲ ಬರೆದುಕೊಟ್ಟಳು. ಪೆಟ್ಟಿಗೆಯ ಪುಟ ತೆರೆಯಿರಿ. ನೆಟ್‌ವರ್ಕ್ ಎಂಬಲ್ಲಿಗೆ ಹೋಗಿ. ‘ತಾನಾಗಿ ಪಡೆ’ ಎಂದಿರುವುದನ್ನು ಬಿಟ್ಟು ‘ನಾನೇ ಕೊಡುತ್ತೇನೆ’ ಎಂಬುದನ್ನು ಆರಿಸಿ. ಚುಕ್ಕಿಯಿಟ್ಟು ಬರೆದ ನಾಲ್ಕು ಭಾಗದ ನಂಬರಿನಲ್ಲಿ ಮೊದಲ ಮೂರು ಇದ್ದ ಹಾಗೇ ಇರಲಿ, ಕೊನೆಯದು ಮಾತ್ರ ನಿಮ್ಮದು. ಅದು ಮನೆಯ ಬೇರೆ ಯಾವ ಯಂತ್ರಕ್ಕೂ ಇರಬಾರದು. ಇಷ್ಟು ಬರೆದು ಸೀರೆ ತರಲು ಅಮ್ಮನ ಜೊತೆ ಪೇಟೆಗೆ ಹೋದಳು.

ಅಯ್ಯನವರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ ಕಂಪ್ಯೂಟರಿನ ಮುಂದೆ ಕೂತರು. ಕೊನೆಯ ಅಂಕಿ ಯಾವುದಿರಬೇಕು ಎಂಬ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ. ಪತ್ರಿಕೆ ಮಾಡುವವರ ಲೆಕ್ಕದಲ್ಲಿ ಅಗ್ರಸ್ಥಾನ ಮನೆಯ ಹಿರಿಯರದು. ಈ ಮನೆಯ ಯಂತ್ರಗಳಲ್ಲಿ ಅನ್ನ ಹಾಕುವ ಹಿರಿಯನೆಂದರೆ ಪೆಟ್ಟಿಗೆಯೇ. ಒಂದು ಎಂದು ಒತ್ತಿದರು.

ಒತ್ತಿದ್ದೇ ತಡ, ಇಂಟರ್ನೆಟ್ ಹೋಯಿತು, ಪ್ರಿಂಟರ್ ಹೋಯಿತು, ಪೆಟ್ಟಿಗೆಯಂತೂ ಪತ್ತೆಯೇ ಇಲ್ಲ. ಸೀರೆಯ ಗಂಟು ಹೊತ್ತು ಬಂದ ಮಗಳು ವಿಷಯ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಅಪ್ಪಾಜಿ, ಒಂದು ಅನ್ನೋದು ರೌಟರ್‌ದೇ! ಹಂಚೋನ ಕುರ್ಚೀಲೇ ಪೆಟ್ಟಿಗೇನ ಕೂರಿಸ್ಬುಟ್ರಲ್ಲ!”

“ನಗೋದು ಆಮೇಲೆ. ಒಳಗಿರೋದೆಲ್ಲ ಹೋಯ್ತೇನಮ್ಮ?” ಎಂದರು ಅಯ್ಯನವರು.

ಹೋಗಿರಲಿಲ್ಲ. ಪೆಟ್ಟಿಗೆಯ ಬೆನ್ನಿನಲ್ಲಿ ಸಣ್ಣದೊಂದು ತೂತು. ಅದರೊಳಗೆ ಪಿನ್ನು ತೂರಿಸಿ ಐದು ಎಣಿಸುವವರೆಗೆ ಒತ್ತಿ ಹಿಡಿದರೆ ನಂಬರು ಮಾತ್ರ ಮೊದಲಿನಂತೆ ಆಗುತ್ತದೆ, ಪತ್ರಿಕೆಗಳು ಪತ್ರಿಕೆಗಳಾಗಿಯೇ ಉಳಿಯುತ್ತವೆ. ನೀಲಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದುಕೊಟ್ಟರು. ಮಗಳು ಕೈ ಚಾಚಿದರೂ ಕೊಡದೆ ಅಯ್ಯನವರೇ ಒತ್ತಿದರು. ಪೆಟ್ಟಿಗೆ ಕುಂಯ್ ಎಂದು ಎದ್ದಿತು.

ಎರಡನೇ ಸಲ ಅವರು ಇನ್ನೂ ಯೋಚಿಸಿ ನೂರಾ ಒಂದನ್ನು ಆರಿಸಿದರು. ಮದುವೆಮನೆಯಲ್ಲಿ ಮುಯ್ಯಿ ಬರೆಸುವಾಗ ಯಾರಾದರೂ ಬರೀ ನೂರು ಕೊಡುತ್ತಾರೆಯೇ? ಮೇಲೊಂದು ಇದ್ದರೇ ಶೋಭೆ. ಪ್ರಿಂಟರಿನದು ನೂರಾ ಮೂರು ಎಂದು ನೋಡಿಕೊಂಡೇ ಹಾಕಿದರು. ಪೆಟ್ಟಿಗೆ ಸರಕ್ಕನೆ ತೆರೆಯಿತು. ಮೂರು ದಿನ ಅಯ್ಯನವರು ಬೀದಿಯಲ್ಲಿ ಎದೆ ಸೆಟೆಸಿಕೊಂಡೇ ಓಡಾಡಿದರು.

ನಾಲ್ಕನೇ ದಿನ, ಮದುವೆಗೆ ಐದೇ ದಿನ ಇರುವಾಗ, ಬೋಗಾದಿಯ ಮಹದೇವು ಬಂದರು. ಹೊಸ ಮನೆಯ ಗೃಹಪ್ರವೇಶದ ಪತ್ರಿಕೆಯಲ್ಲಿ ಅಣ್ಣನ ಹೆಸರೇ ಬಿಟ್ಟುಹೋಗಿತ್ತಂತೆ. “ಅಯ್ನೋರೆ, ಒಂದು ಗಂಟೆ ಒಳ್ಗೆ ಪ್ರೆಸ್ಸಿಗೆ ಕೊಡ್ಬೇಕು. ಅಣ್ಣನ ಹೆಸ್ರು ಇಲ್ದೆ ಪತ್ರಿಕೆ ಹೊರಕ್ಕೆ ಹೋದ್ರೆ ನಾನು ಆ ಮನೇಲಿ ಎಂಗೆ ಹಾಲುಕ್ಕಿಸ್ಲಿ?” ಎಂದು ಬೆವರು ಒರೆಸಿಕೊಂಡರು. ಅಯ್ಯನವರು ನಗುತ್ತ ಮೌಸಿಗೆ ಕೈ ಹಾಕಿದರು. ಅಷ್ಟಕ್ಕೇ ಕರೆಂಟು ಹೋಯಿತು. ಹತ್ತು ನಿಮಿಷಕ್ಕೆ ಬಂತು. ಪೆಟ್ಟಿಗೆ ಬರಲಿಲ್ಲ.

ಒಮ್ಮೆ ತೆರೆಯುವ ಹಾಗೆ ಮಾಡುತ್ತದೆ, ಮರುಗಳಿಗೆಗೆ ಇಲ್ಲ ಅನ್ನುತ್ತದೆ. ಅಯ್ಯನವರ ತಲೆ ಚಿಟ್ಟು ಹಿಡಿಯಿತು. ಧನುಶ್ರೀ ಮಹಡಿಯ ಮೇಲೆ ಎರಡೂ ಕೈಗೆ ಮೆಹೆಂದಿ ಹಚ್ಚಿಸಿಕೊಂಡು ಕೂತಿದ್ದಳು. ಕೇಳಿದರೆ ಒಂದು ಮಾತಿನಲ್ಲಿ ಹೇಳಿಯಾಳು. ಎದ್ದು ಮೂರು ಮೆಟ್ಟಿಲು ಹತ್ತಿದರು. ಹತ್ತಿ, ನಿಂತುಬಿಟ್ಟರು. ಇವತ್ತು ಕೇಳುತ್ತೀಯೆ ಮಾರಾಯ, ಬರುವ ಸೋಮವಾರ ಯಾರನ್ನ ಕೇಳುತ್ತೀಯೆ? ಮೊಳೆಯ ಕೆಲಸ ಹೋದ ದಿನ ನೆನಪಾಯಿತು. ಇದೂ ಕೈ ಬಿಟ್ಟರೆ ಮೂರನೆಯದು ಕಟ್ಟಿಕೊಳ್ಳುವ ವಯಸ್ಸಲ್ಲ. ಇಳಿದು ಬಂದು ಮತ್ತೆ ಕುರ್ಚಿಯಲ್ಲಿ ಕೂತರು.

“ಆಯ್ತದಾ ಅಯ್ನೋರೆ?” ಎಂದರು ಮಹದೇವು.

“ಆಗುತ್ತೆ, ಇರಪ್ಪ” ಎಂದವರು ಎದುರಿನ ಕ್ಯಾಲೆಂಡರನ್ನು ದಿಟ್ಟಿಸಿದರು. ತಾವೇ ಗೀಚಿದ ನಂಬರುಗಳು. ನೂರಾ ಎರಡು. ನೂರಾ ನಾಲ್ಕು. ನೂರು. ನೂರಾ ಒಂದು. ಮತ್ತೆ ನೂರಾ ಮೂರು. ಹಾಳೆ ಮಗುಚಿದರು. ಹಿಂದಿನ ತಿಂಗಳೂ ಹಾಗೆಯೇ, ಅದರ ಹಿಂದಿನದೂ ಹಾಗೆಯೇ. ಒಂದು ಸಲವಾದರೂ ತೊಂಬತ್ತೊಂಬತ್ತು ಇಲ್ಲ, ಎಪ್ಪತ್ತಿಲ್ಲ, ನಲವತ್ತಿಲ್ಲ. ರೌಟರು ಹಂಚುವುದೇ ನೂರರಿಂದ ಆಚೆಗೆ! ಕೇಸಿನಲ್ಲಿ ಈ ಕಡೆಯ ಖಾನೆಗಳೆಲ್ಲ ಖಾಲಿ ಬಿದ್ದಿರುವಾಗ, ತಾವು ಹೋಗಿ ಅದು ಹಂಚುವ ಖಾನೆಯಲ್ಲೇ ಪೆಟ್ಟಿಗೆ ಇಟ್ಟಿದ್ದಾರೆ. ಇವರು ಇಟ್ಟದ್ದು ಅದಕ್ಕೇನು ಗೊತ್ತು? ಅದೇ ನೂರಾ ಒಂದನ್ನು ಎತ್ತಿ ಇನ್ಯಾರಿಗೋ ಕೊಟ್ಟಿದೆ.

ಇನ್ಯಾರಿಗೆ? ಮೇಲಿನಿಂದ ಸಿನಿಮಾ ಹಾಡು ಕೇಳಿಬರುತ್ತಿತ್ತು. ಮದುವೆಗೆ ಬಂದಿದ್ದ ಹುಡುಗಿಯರು ಧನುಶ್ರೀಯ ಲ್ಯಾಪ್‌ಟಾಪ್ ಹಾಕಿಕೊಂಡು ಕೂತಿದ್ದರು.

“ಏಯ್, ಅದನ್ನ ಒಂದು ಗಳಿಗೆ ಆರಿಸ್ರಮ್ಮ!” ಎಂದು ಅಯ್ಯನವರು ಕೂಗಿದರು.

ಹಾಡು ನಿಂತಿತು. ಪೆಟ್ಟಿಗೆ ಟಪ್ಪನೆ ತೆರೆದುಕೊಂಡಿತು. ಆಹಾ, ಆಗ ಅವರ ಮುಖ ನೋಡಬೇಕಿತ್ತು ನೀವು! ನೇರ ನೆಟ್‌ವರ್ಕಿನ ಪುಟಕ್ಕೆ ಹೋಗಿ ಐವತ್ತೊಂದು ಎಂದು ಒತ್ತಿ, ಪೆಟ್ಟಿಗೆಯನ್ನು ಇನ್ನು ಆ ನಂಬರಿನಲ್ಲೇ ಹುಡುಕು ಎಂದು ಕಂಪ್ಯೂಟರಿಗೂ ಹೇಳಿಕೊಟ್ಟು, “ಈಗ ಹಾಕ್ಕೊಳ್ರಮ್ಮ, ಎಷ್ಟು ಬೇಕಾದ್ರೂ ಕುಣೀರಿ” ಎಂದರು. ಹಾಡೂ ಬಂತು, ಪೆಟ್ಟಿಗೆಯೂ ಇತ್ತು. ಅಷ್ಟಕ್ಕೆ ನಂಬಿಕೆ ಬರಬೇಕಲ್ಲ? ನೆಟ್ಟಗೆ ಮೀಟರ್ ಬೋರ್ಡಿಗೆ ನಡೆದು ಮೇನ್ ಸ್ವಿಚ್ಚೇ ಎಳೆದುಬಿಟ್ಟರು.

ಮದುವೆಮನೆ! ಫ್ಯಾನು ನಿಂತವು, ಅಡುಗೆಮನೆಯಲ್ಲಿ ಚಟ್ನಿ ರುಬ್ಬುತ್ತಿದ್ದ ಮಿಕ್ಸಿ ನಿಂತಿತು. “ಇದೇನ್ರೀ, ಬುದ್ಧಿಗಿದ್ಧಿ ಕೆಟ್ಟಿದ್ಯಾ ನಿಮ್ಗೆ?” ಎಂದು ನೀಲಮ್ಮ ಸೌಟು ಹಿಡಿದೇ ಬಂದರು. ಅಯ್ಯನವರು ಸ್ವಿಚ್ಚು ಹಾಕಿದರು. ಕ್ಲಿಕ್ಕಿಗೆ ಪೆಟ್ಟಿಗೆ ಸಿಕ್ಕಿತು. ಇನ್ನೊಂದು ಸಲ ಎಳೆದರು. ಮತ್ತೂ ಸಿಕ್ಕಿತು. ಮೂರನೇ ಸಲಕ್ಕೆ ನೀಲಮ್ಮ ಸ್ವಿಚ್ಚಿಗೆ ಅಡ್ಡ ನಿಂತರು.

“ಇಷ್ಟ್ ದಿನ ಕರೆಂಟ್ ತೆಗೀತಿದ್ದೋರು ನೀವೇನಾ ಅಯ್ನೋರೆ?” ಎಂದು ಮಹದೇವು ಬಿದ್ದುಬಿದ್ದು ನಕ್ಕರು. ಒಂದು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷ ಇರುವಾಗಲೇ ಅವರ ಅಣ್ಣನ ಹೆಸರು ಮಲೆ ಮಹದೇಶ್ವರ ಸ್ವಾಮಿಯ ಕೆಳಗೆ, ದಪ್ಪ ಅಕ್ಷರದಲ್ಲಿ ಕೂತಿತ್ತು.

ಗಲಾಟೆ ಕೇಳಿ ಧನುಶ್ರೀ ಮೆಹೆಂದಿಯ ಕೈ ಎರಡೂ ಮೇಲೆತ್ತಿಕೊಂಡು ಇಳಿದು ಬಂದಳು. ಐವತ್ತೊಂದು ಎಂದು ಕೇಳಿ ಬೆರಗಾದಳು. “ನೂರರ ಮೇಲೆ ಹಾಕ್ಬಾರ್ದು ಅಂತ ಬರೆಯೋಕೆ ನಾನೇ ಮರ್ತಿದ್ದೆ ಅಪ್ಪಾಜಿ. ನಿಮ್ಗೆ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ” ಎಂದರು ಅಯ್ಯನವರು. ಆ ಮಾತನ್ನು ಮತ್ತೆ ಹೇಳಬೇಕು ಅನ್ನಿಸಿ ಇನ್ನೊಮ್ಮೆಯೂ ಹೇಳಿದರು.

ಮದುವೆ ಸಾಂಗವಾಗಿ ಆಯಿತು. ಮಗಳನ್ನು ಕಳಿಸಿಕೊಡುವಾಗ ಅಪ್ಪ ಅಮ್ಮ ಇಬ್ಬರೂ ಮುಕ್ಕಾಲು ಗಂಟೆಯ ದಾರಿ ಎಂಬುದನ್ನೇ ಮರೆತು ಅತ್ತರು. ಸೋಮವಾರ ಮಧ್ಯಾಹ್ನ ಎಂದಿನಂತೆ ಕರೆಂಟು ಹೋಗಿ ಬಂತು. ಚಿಕ್ಕಬಸವಯ್ಯನವರು ಉಸಿರು ಬಿಗಿಹಿಡಿದು ಒತ್ತಿದರು. ಪೆಟ್ಟಿಗೆ ಇತ್ತು. ಇನ್ನು ಅಂಗಡಿ ಬಾಗಿಲು ಹಾಕುವ ಮಾತಿಲ್ಲ. ಕುಣಿದಾಡುವಷ್ಟು ಖುಷಿಯಾಗಬೇಕಿತ್ತು. ಆಗಿಯೂ ಇತ್ತು. ಆದರೂ ಅವರ ಕೈ ಫೋನಿನ ಮೇಲೆ ಹೋಗಿ ಸುಮ್ಮನೆ ಕೂತಿತ್ತು.

“ಸಿಗ್ಲಿಲ್ವೇನ್ರೀ?” ಎಂದರು ನೀಲಮ್ಮ.

“ಸಿಕ್ಬುಡ್ತು ಕಣೇ” ಎಂದು ಅಯ್ಯನವರು ಸಪ್ಪಗೆ ಹೇಳಿ, ಮಗಳ ನಂಬರು ಒತ್ತಿಯೇಬಿಟ್ಟರು.

ಮೊದಲ ಗಂಟೆಗೇ ಧನುಶ್ರೀ ಎತ್ತಿದಳು. “ಏನಪ್ಪಾಜಿ, ಹೋಯ್ತಾ? ಗಾಬ್ರಿ ಆಗ್ಬೇಡಿ. ಮೊದ್ಲು ರೌಟರ್ ದೀಪ ನೋಡಿ, ಆಮೇಲೆ...”

“ಪೆಟ್ಟಿಗೆ ಇದೆ ಕಣಮ್ಮ. ಅಲ್ಲೇ ಇದೆ.”

“ಮತ್ತೆ ಯಾಕೆ ಫೋನ್ ಮಾಡಿದ್ರಿ?”

ಇಷ್ಟು ದಿನ ಅಯ್ಯನವರು ಈ ಹೊತ್ತಿಗೆ ಫೋನು ಮಾಡಿದ್ದಾರೆ, ನಂಬರು ಕೇಳಿದ್ದಾರೆ, ಇಟ್ಟುಬಿಟ್ಟಿದ್ದಾರೆ. “ಊಟ ಆಯ್ತೇನಮ್ಮ?” ಎಂದರು.

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು. “ಇನ್ನೂ ಇಲ್ಲ ಅಪ್ಪಾಜಿ. ಇಲ್ಲಿ ಮುದ್ದೆ ಕಟ್ಟೋದು ನೋಡ್ಬೇಕು ನೀವು, ಒಂದೊಂದೂ ನನ್ನ ತಲೆಯಷ್ಟಿರುತ್ತೆ” ಎಂದು ಅವಳು ಶುರು ಮಾಡಿದಳು. ಅಯ್ಯನವರು ಗಟ್ಟಿಯಾಗಿ ನಕ್ಕು ಕುರ್ಚಿ ಎಳೆದುಕೊಂಡು ಕೂತರು. ನನಗೂ ಕೊಡ್ರೀ ಎಂದು ನೀಲಮ್ಮ ಕೈ ಚಾಚಿಕೊಂಡು ಅರ್ಧ ಗಂಟೆ ನಿಂತಿದ್ದರು. ಅಯ್ಯನವರು ಕೊಡಲಿಲ್ಲ.