ಸ್ಪಾಸಣ್ಣನ ಕರೆಂಟು ಲೆಕ್ಕ

ನೆರೆಯೂರು ಸೆವ್ಲಿಯೆವೊದವರು ನಮ್ಮನ್ನು ಆಡಿಕೊಳ್ಳುವುದು ಇವತ್ತು ನಿನ್ನೆಯದಲ್ಲ. ಬೆಕ್ಕು ಒಳಗೆ ಬಂದ ಕೂಡಲೇ ಬಾಗಿಲು ಮುಚ್ಚಲಿ, ಮನೆಯ ಬಿಸಿ ಹೊರಗೆ ಹೋಗದಿರಲಿ ಎಂದು ಗಾಬ್ರೊವೊದವರಾದ ನಾವು ಅದರ ಬಾಲವನ್ನೇ ಕತ್ತರಿಸಿದೆವಂತೆ. ಆಡಿಕೊಳ್ಳಲಿ ಬಿಡಿ, ಅದರಿಂದ ನಮಗೇನೂ ಖರ್ಚಿಲ್ಲ. ಆದರೆ ಇಂಥ ಊರಿನಲ್ಲೂ ಜನ ಬೆರಳು ಮಾಡಿ ತೋರಿಸುವಷ್ಟು ಕೈಬಿಗಿ ಇರಬೇಕಾದರೆ ಅದಕ್ಕೊಂದು ಯೋಗ್ಯತೆ ಬೇಕು. ಆ ಯೋಗ್ಯತೆ ನಮ್ಮ ಸ್ಪಾಸಣ್ಣನಿಗಿತ್ತು.

ಉಣ್ಣೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಾ ತಲೆ ನರೆಸಿಕೊಂಡವನು ಅವನು. ಯಂತ್ರ ಕೆಲಸವಿಲ್ಲದೆ ತಿರುಗುತ್ತಿದ್ದರೆ ಓಡಿಹೋಗಿ ಆರಿಸುತ್ತಿದ್ದ. ನಿವೃತ್ತನಾದ ಮೇಲೆ ಒಂದು ದಿನ ಸಂತೆಯಲ್ಲಿ ಅಂಗೈಯಗಲದ ಮೀಟರೊಂದನ್ನು ಕಂಡ. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಅದಕ್ಕೆ ಇಸ್ತ್ರಿಪೆಟ್ಟಿಗೆಯನ್ನೋ ಫ್ರಿಜ್ಜನ್ನೋ ಸಿಕ್ಕಿಸಿದರೆ ಸಾಕು, ಎಷ್ಟು ಕರೆಂಟು ತಿಂದಿತು, ಅದರ ಬೆಲೆಯೆಷ್ಟು ಎಂದು ಪುಟ್ಟ ಕಿಟಕಿಯಲ್ಲಿ ಅಂಕಿ ಮೂಡುತ್ತದೆ. ಅಂಗಡಿಯವನು ಸುಸ್ತಾಗುವವರೆಗೆ ಚೌಕಾಸಿ ಮಾಡಿ ಅದನ್ನು ಮನೆಗೆ ತಂದ. ಎರಡನೇ ಮದುವೆಯಾದವನಿಗೂ ಅಷ್ಟು ಸಂಭ್ರಮ ಇರಲಿಕ್ಕಿಲ್ಲ. ಟಿವಿ ಆರಿಸಿದ ಮೇಲೂ ಅದರ ಕೆಂಪು ಚುಕ್ಕೆ ಕದ್ದು ಕರೆಂಟು ಕುಡಿಯುತ್ತದೆ ಎಂದು ಪತ್ತೆ ಹಚ್ಚಿದ ದಿನ ಮೆಟ್ಟಿಲಿನಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಿದ. ಇಡೀ ಕಟ್ಟಡವೇ ಟಿವಿಯ ಪ್ಲಗ್ಗು ಕಿತ್ತಿಡತೊಡಗಿತು. ಹೆಂಡತಿ ನೆವೇನಾಳಿಗೂ ಇದೆಲ್ಲ ತಮಾಷೆಯಾಗಿಯೇ ಕಂಡಿತ್ತು.

ತಮಾಷೆ ಮುಗಿದದ್ದು ಕಾಫಿಯ ಮುಂದೆ. ದಿನವೂ ಹತ್ತು ಗಂಟೆಗೆ ನೆವೇನಾಳ ಅಡುಗೆಮನೆಗೆ ಮೂವರು ಗೆಳತಿಯರು ಬರುತ್ತಿದ್ದರು: ಪಕ್ಕದ ಕಟ್ಟಡದ ಪರಾಷ್ಕೆವಾ, ಅವಳ ನಾದಿನಿ ತಿಂಕಾ, ಮೇಲಿನ ಮನೆಯ ಚಿಕ್ಕ ಪ್ರಾಯದ ಬೊರ್ಯಾನಾ. ಪರಾಷ್ಕೆವಾ ಕಥೆ ಹೇಳಲು ಕೂತರೆ ಕಾಫಿಯ ನೆನಪೂ ಇರುತ್ತಿರಲಿಲ್ಲ, ಅದು ಕಪ್ಪಿನಲ್ಲೇ ತಣ್ಣಗಾಗುತ್ತಿತ್ತು, ನೆವೇನಾ ಮತ್ತೆ ಒಲೆಗಿಡುತ್ತಿದ್ದಳು. ಒಂದು ದಿನ ಸ್ಪಾಸಣ್ಣ ಆ ಕರೆಂಟೊಲೆಯನ್ನೂ ಮೀಟರಿಗೆ ಸಿಕ್ಕಿಸಿದ್ದ.

"ಪರಾಷ್ಕೆವಾ, ನಿನ್ ಕಥೆ ಮುಗಿಯೋಷ್ಟರಲ್ಲಿ ಕಾಫಿ ಆರೋಗುತ್ತೆ. ಮತ್ತೆ ಕಾಯ್ಸೋಕೆ ಎರಡೂವರೆ ಸ್ತೊತಿಂಕಿ. ದಿನಾ ಹಿಂಗಾದ್ರೆ ವರ್ಷಕ್ಕೆ ಒಂಬತ್ತು ಲೆವ ದಾಟುತ್ತೆ, ಗೊತ್ತಾ?"

ನಮ್ಮಲ್ಲಿ ನೂರು ಸ್ತೊತಿಂಕಿ ಚಿಲ್ಲರೆಗೆ ಒಂದು ಲೆವ, ಲೆಕ್ಕ ಸರಿಯಾಗೇ ಇತ್ತು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಟಿವಿಯ ಕೆಂಪು ಚುಕ್ಕೆಯ ಸುದ್ದಿ ಹೇಳಿದ ಹಾಗೇ ಇದನ್ನೂ ಹೇಳಿದ್ದ. ಪರಾಷ್ಕೆವಾ ಎದ್ದಳು, ಐದು ಸ್ತೊತಿಂಕಿಯ ನಾಣ್ಯವೊಂದನ್ನು ಸಾಸರಿನಲ್ಲಿಟ್ಟು, ಉಳಿದ ಚಿಲ್ಲರೆ ನೀನೇ ಇಟ್ಟುಕೋ ಎಂದು ಹೊರಟಳು. ಉಳಿದಿಬ್ಬರೂ ಅವಳ ಹಿಂದೆಯೇ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಣ್ಯವನ್ನು ಸ್ಪಾಸಣ್ಣ ಜೇಬಿಗೆ ಹಾಕಿಕೊಂಡದ್ದನ್ನೂ ನೆವೇನಾ ನೋಡಿದಳು.

ಅವಳು ಜಗಳವಾಡಲಿಲ್ಲ. ಮರುದಿನ ಹತ್ತು ಗಂಟೆಗೆ ತನಗೊಬ್ಬಳಿಗೇ ಒಂದು ಕಪ್ ಕಾಫಿ ಮಾಡಿ, ಕಿಟಕಿಗೆ ಮುಖ ಮಾಡಿ ಕುಡಿದಳು. ಆ ತಿಂಗಳು ಬಿಲ್ಲು ಇಳಿಯಿತು. ಸ್ಪಾಸಣ್ಣ ಕೈ ಉಜ್ಜಿಕೊಂಡ. ಆಮೇಲಾಮೇಲೆ ಮನೆ ಬಿಕೋ ಎನ್ನತೊಡಗಿತು. ಕೆಲಸ ಮಾಡುವಾಗ ಗುನುಗುತ್ತಿದ್ದವಳು ಈಗ ಗುನುಗುತ್ತಿರಲಿಲ್ಲ. ಅವನು ಏನಾದರೂ ಕೇಳಿದರೆ ಅಳೆದು ತೂಗಿ ಎರಡು ಮಾತು ಆಡುತ್ತಿದ್ದಳು. ಇದು ಯಾವ ಮೀಟರಿಗೂ ಸಿಗುವ ಲೆಕ್ಕವಲ್ಲ ಎಂದು ಅವನಿಗೂ ಅನ್ನಿಸತೊಡಗಿತು.

ಸೆಪ್ಟೆಂಬರ್ ಬಂತು. ನಮ್ಮಲ್ಲಿ ಆ ತಿಂಗಳು ಊರಿಗೆ ಊರೇ ಸುಟ್ಟ ಮೆಣಸಿನಕಾಯಿಯ ವಾಸನೆ. ಬಾಲ್ಕನಿ ಬಾಲ್ಕನಿಯಲ್ಲೂ ಚುಷ್ಕೊಪೆಕ್, ಅದೇ, ಒಳಗೆ ಕೆಂಪಗೆ ಕಾಯುವ ಮಣ್ಣಿನ ಬಾವಿಯ ಕರೆಂಟೊಲೆ. ಖಾರವಿಲ್ಲದ ದಪ್ಪ ಕೆಂಪು ಮೆಣಸಿನಕಾಯಿಯನ್ನು ಅದರೊಳಗಿಳಿಸಿ ಮುಚ್ಚಳ ಹಾಕಿದರೆ ನಾಲ್ಕು ಮಾತಾಡುವಷ್ಟರಲ್ಲಿ ಸಿಪ್ಪೆ ಕಪ್ಪಾಗಿ ಉಬ್ಬಿರುತ್ತದೆ. ಸುಲಿದು, ಅರೆದು, ಟೊಮೇಟೊ ಜೊತೆ ಕುದಿಸಿದರೆ ಚಳಿಗಾಲಕ್ಕೆಲ್ಲ ಸಾಕಾಗುವ ಲ್ಯುತೆನಿತ್ಸಾ ಚಟ್ನಿ. ಯಾವಾಗ ಶುರು ಮಾಡುತ್ತೀ ಎಂದು ಸ್ಪಾಸಣ್ಣ ಕೇಳಿದ. ಈ ವರ್ಷ ಮಾಡುವುದಿಲ್ಲ ಎಂದಳು ನೆವೇನಾ.

"ಒಬ್ಬಳೇ ಕೂತು ಸಿಪ್ಪೆ ಸುಲಿಯೋಕೆ ಇದೇನು ಸೂತಕದ ಮನೆಯಾ? ಅಂಗಡಿಯಿಂದ ಒಂದು ಬಾಟ್ಲಿ ತಗೊಂಬಾ. ಕರೆಂಟೂ ಉಳಿಯುತ್ತೆ."

ಕರೆಂಟು ಉಳಿಯುತ್ತದೆ ಎಂಬ ಮಾತು ಅವನಿಗೆ ಅಷ್ಟು ಕಹಿಯಾಗಿ ಯಾವತ್ತೂ ಕೇಳಿಸಿರಲಿಲ್ಲ. ಅವಳ ಗೆಳತಿಯರನ್ನು ತಾನೇ ಓಡಿಸಿದ್ದು. ಅವರು ತಿರುಗಿ ಬರದಿದ್ದರೆ ಈ ಮನೆಯಲ್ಲಿ ನಗು ಕೇಳಿಸುವುದಿಲ್ಲ. ಪರಾಷ್ಕೆವಾಳ ಮನೆಗೆ ಹೋಗಿ ತಪ್ಪಾಯಿತು ಎನ್ನಬಹುದಿತ್ತು. ಅದಕ್ಕೆ ಬಿಡಿಗಾಸೂ ಖರ್ಚಿಲ್ಲ, ಆದರೂ ಗಂಡಸರಿಗೆ ಅದೇ ದುಬಾರಿ. ಅವನು ಸಂತೆಗೆ ಹೋಗಿ ಎರಡು ಮೂಟೆ ಮೆಣಸಿನಕಾಯಿ ಹೊತ್ತು ತಂದ, ಬಾಲ್ಕನಿಯಲ್ಲಿ ಚುಷ್ಕೊಪೆಕ್ ಇಟ್ಟ, ನಡುವೆ ಮೀಟರು ಸಿಕ್ಕಿಸಿದ, ತಾನೇ ಸುಡತೊಡಗಿದ.

ಮೊದಲ ಹೊಡೆತಕ್ಕೇ ಬೆರಳು ಸುಟ್ಟುಕೊಂಡ. ಆದರೆ ಲೆಕ್ಕದವನ ಕಣ್ಣು ಮೀಟರಿನ ಮೇಲೆಯೇ ಇತ್ತು. ತಣ್ಣಗಿದ್ದ ಒಲೆ ಕೆಂಪಗಾಗುವುದಕ್ಕೇ ಕರೆಂಟು ಗಟಗಟ ಕುಡಿದುಬಿಟ್ಟಿತ್ತು, ಆ ಖರ್ಚೆಲ್ಲ ಮೊದಲ ಮೆಣಸಿನಕಾಯಿಯ ತಲೆಗೇ. ಹತ್ತು ಸುಟ್ಟರೆ ಅದು ಹತ್ತಕ್ಕೆ ಹಂಚಿಹೋಗುತ್ತದೆ, ನೂರು ಸುಟ್ಟರೆ ನೂರಕ್ಕೆ. ಅಂದರೆ ಎಷ್ಟು ಹೆಚ್ಚು ಸುಟ್ಟರೆ ಅಷ್ಟು ಅಗ್ಗ. ಒಲೆ ಒಂದು ಗಳಿಗೆಯೂ ಖಾಲಿ ಇರಬಾರದು. ಇವನೋ ಒಂದು ಸಿಪ್ಪೆ ಸುಲಿಯುವಷ್ಟರಲ್ಲಿ ಮುದುಕನಾಗುತ್ತಿದ್ದ, ಒಲೆ ಬಾಯಿ ತೆರೆದುಕೊಂಡು ಆಕಾಶವನ್ನು ಕಾಯಿಸುತ್ತಿತ್ತು. ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಅಷ್ಟರಲ್ಲಿ ಕೆಳಗೆ ಪರಾಷ್ಕೆವಾ ಮೆಣಸಿನಕಾಯಿಯ ಚೀಲ ಎಳೆದುಕೊಂಡು ಹೋಗುತ್ತಿದ್ದಳು. ಸ್ಪಾಸಣ್ಣ ಮಾನ ಬಿಟ್ಟು ಬಾಲ್ಕನಿಯಿಂದ ಬಗ್ಗಿ ಕರೆದ. ಒಲೆ ಕಾದಿದೆ, ಬಿಸಿಯೆಲ್ಲ ಗಾಳಿಗೆ ಹೋಗುತ್ತಿದೆ, ನಿನ್ನದನ್ನೂ ತಂದು ಹಾಕು ಎಂದ.

"ಎಷ್ಟಾಗುತ್ತೆ ಅಂತ ಮೊದ್ಲು ಹೇಳಿಬಿಡು ಸ್ಪಾಸಣ್ಣ. ಆಮೇಲೆ ಸಾಸರ್ ಹುಡುಕೋದು ಕಷ್ಟ."

"ಏನೂ ಇಲ್ಲ ಮಾರಾಯ್ತಿ. ಕಾಯ್ಸಿದ ಖರ್ಚು ಆಗೋಗಿದೆ. ಈಗ ದಂಡ ಆಗ್ತಿದೆ."

ಬೇರೆ ಊರಿನ ಹೆಂಗಸಾಗಿದ್ದರೆ ಮೂಗು ಮುರಿದು ಹೋಗುತ್ತಿದ್ದಳು. ಪರಾಷ್ಕೆವಾ ಹೇಳಿ ಕೇಳಿ ಗಾಬ್ರೊವೊದವಳು. ಕಾದ ಒಲೆ ದಂಡವಾಗುತ್ತಿದೆ ಎಂದು ಕೇಳಿಯೂ ಮುಂದೆ ನಡೆಯಲು ಅವಳ ಕಾಲು ಒಪ್ಪಲಿಲ್ಲ. ಸಿಟ್ಟನ್ನು ಹಾಗೇ ಮುಖದ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಳು. ಬರುವಾಗ ತಿಂಕಾಳಿಗೂ ಫೋನು ಮಾಡಿದಳು, ಒಲೆ ಕಾದಿದೆಯಂತೆ, ಬೇಗ ಬಾ ಎಂದು. ವಾಸನೆ ಹಿಡಿದು ಬೊರ್ಯಾನಾ ತನ್ನದೊಂದು ಬುಟ್ಟಿ ತಂದಳು.

ಒಳಗಿದ್ದ ನೆವೇನಾ ಬಾಗಿಲಲ್ಲಿ ನಿಂತು ನೋಡಿದಳು. ಗಂಡನ ಕೈಯಿಂದ ಇಕ್ಕಳ ಕಿತ್ತುಕೊಂಡು, ಸರಿ ಆಚೆಗೆ, ಸುಡುವುದು ಹೀಗಲ್ಲ ಎಂದಳು. ಆಮೇಲೆ ಆ ಬಾಲ್ಕನಿಯಲ್ಲಿ ಹಬ್ಬ. ಒಬ್ಬಳು ಸುಟ್ಟಳು, ಇಬ್ಬರು ಸುಲಿದರು, ಪರಾಷ್ಕೆವಾ ಅರ್ಧಕ್ಕೆ ನಿಂತಿದ್ದ ಕಥೆಯನ್ನು ಅಲ್ಲಿಂದಲೇ ಮುಂದುವರಿಸಿದಳು. ಸ್ಪಾಸಣ್ಣ ಹಣ್ಣಿನ ಸಾರಾಯಿ ರಾಕಿಯಾದ ಬಾಟಲಿ ತಂದು ಎಲ್ಲರಿಗೂ ಒಂದೊಂದು ಗುಟುಕು ಸುರಿದ. ಮುಂಗೈವರೆಗೂ ಕೆಂಪು ಬಳಿದುಕೊಂಡ ನೆವೇನಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಅದನ್ನು ನೋಡುತ್ತಾ ಅವನು ಅಳತೆಯನ್ನೂ ನೋಡದೆ ಇನ್ನೊಂದು ಸುತ್ತು ಸುರಿದ.

ಸಂಜೆಯ ಹೊತ್ತಿಗೆ ಬುಟ್ಟಿಗಳೆಲ್ಲ ಬರಿದಾದವು. ಹೆಂಗಸರು ಕೈ ತೊಳೆದು ಎದ್ದರು. ನೆವೇನಾ ಪ್ಲಗ್ಗು ಕೀಳಲು ಬಗ್ಗಿದವಳು ಮೀಟರು ಕಂಡು ಹಾಗೇ ನಿಂತಳು. ಎಲ್ಲರೂ ಸ್ಪಾಸಣ್ಣನ ಮುಖ ನೋಡಿದರು. ಅಂಕಿಯನ್ನು ತಲೆಗಳಿಂದ ಭಾಗಿಸಿದ ಉತ್ತರ ಅವನ ನಾಲಿಗೆಯ ತುದಿಗೆ ಬಂದಾಗಿತ್ತು. ಅವನು ಅದನ್ನು ನುಂಗಿದ.

ನಾಳೆಯೂ ಎಲ್ಲರೂ ಒಟ್ಟಿಗೇ ಬನ್ನಿ, ಒಂದೇ ಕಾವಿಗೆ ಎಲ್ಲರದ್ದೂ ಆದರೆ ಲಾಭ ಎಂದ.

"ಏನ್ ಸುಡೋಕೆ?" ಎಂದಳು ಪರಾಷ್ಕೆವಾ. "ಮೆಣಸಿನಕಾಯೆಲ್ಲ ಮುಗಿದೋಯ್ತಲ್ಲ."

ನೆವೇನಾ ತಲೆ ತಗ್ಗಿಸಿದಳು. ಸ್ಪಾಸಣ್ಣ ಇನ್ನೊಂದು ಲೆಕ್ಕಕ್ಕಾಗಿ ತಡಕಾಡಿದ. ಸಿಗಲಿಲ್ಲ.

"ಸುಮ್ನೆ ಬನ್ನಿ," ಎಂದ.

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ. ನೀವಿಲ್ದೆ ಇವ್ಳು ನಗಲ್ಲ."

ನಮ್ಮೂರಿನಲ್ಲಿ ಸುಮ್ಮನೆ ಬನ್ನಿ ಎಂಬ ಮಾತನ್ನು ಸಾಕ್ಷಿಗಳ ಎದುರು ಯಾರೂ ಆಡುವುದಿಲ್ಲ. ಪರಾಷ್ಕೆವಾ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು, ಎದ್ದವಳು ಮತ್ತೆ ಕುರ್ಚಿ ಎಳೆದು ಕೂತಳು. ನಾಳೆವರೆಗೆ ಯಾಕೆ ಕಾಯಬೇಕು ಎಂದಳು.