ಆರಿಸಿದ ದೀಪ

ಬೀದಿಯವರೆಲ್ಲ ‘ನೋಡೋಣ ಮೇಸ್ತ್ರಿ’ ಎಂದು ಕರೆಯುತ್ತಿದ್ದ ಕಾರು ಮೆಕ್ಯಾನಿಕ್ ಅರವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಮನೆಯಲ್ಲಿ ಹೆಂಡತಿ; ಮದುವೆಯಾಗಿ ಗಂಡನ ಮನೆಗೆ ಹೋದ ಒಬ್ಬಳು ಮಗಳು; ಎದುರು ಮನೆಯಲ್ಲಿ ಕೆಲವು ವರ್ಷಗಳ ಹಿಂದೆಯೇ ಸತ್ತ ತಮ್ಮನ ಹೆಂಡತಿ. ಗಾಡಿ ಯಾವಾಗ ಸಿಗುತ್ತದೆಂದು ಯಾರು ಕೇಳಿದರೂ ‘ನೋಡೋಣ’ ಎನ್ನುವುದರಾಚೆಗೆ ಅವರ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಹೆಸರು ಹಾಗೆ ಅಂಟಿಕೊಂಡಿತ್ತು.

ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿದರೆ ಎಂಜಿನ್ನಿನ ದೋಷ ಪರದೆಯ ಮೇಲೆ ಒಂದು ಅಂಕಿಯಾಗಿ ಮೂಡುತ್ತದೆ. ಅಂಕಿ ಕಂಡ ಕೂಡಲೇ ಆ ಭಾಗವನ್ನು ಕಿತ್ತು ಹೊಸದು ಹಾಕುವವರನ್ನು ಕಂಡರೆ ಮೇಸ್ತ್ರಿಗೆ ಆಗುತ್ತಿರಲಿಲ್ಲ. “ಅದು ದೂರು ಕೊಡುತ್ತೆ ಅಷ್ಟೆ. ತೀರ್ಪು ನಾವು ಕೊಡ್ಬೇಕು,” ಎನ್ನುತ್ತಿದ್ದರು.

ತಮ್ಮ ತನ್ನ ಟ್ಯಾಕ್ಸಿ ತಂದಾಗಲೂ ಹಾಗೆಯೇ ನಡೆದುಕೊಂಡರು. ಸ್ಟೇರಿಂಗಿನ ಮುಂದಿನ ಫಲಕದಲ್ಲಿ ಎಂಜಿನ್ನಿನ ಎಚ್ಚರಿಕೆ ದೀಪ ಹೊತ್ತಿತ್ತು. ಎರಡನೆಯ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲವೆಂದು ಸ್ಕ್ಯಾನರ್ ಹೇಳಿತು. ಅದಕ್ಕೆ ಕಿಡಿ ಕೊಡುವ ಕಾಯಿಲನ್ನು ಬಿಚ್ಚಿ ಮೂರನೆಯದಕ್ಕೆ ಹಾಕಿದರು. ಕೆಟ್ಟಿರುವುದು ಕಾಯಿಲೇ ಆಗಿದ್ದರೆ ದೋಷವೂ ಅದರ ಬೆನ್ನು ಹತ್ತಿ ಮೂರಕ್ಕೆ ಹೋಗಬೇಕು. ಹೋಗಲಿಲ್ಲ. ಪ್ಲಗ್ಗನ್ನೂ ಅದಲುಬದಲು ಮಾಡಿ ನೋಡಿದರು. ದೋಷ ಎರಡರಲ್ಲೇ ಬೇರೂರಿ ಕೂತಿತ್ತು.

“ಎಂಜಿನ್ ಹೆಡ್ ಬಿಚ್ಬೇಕು. ಗಾಡಿ ಬಿಟ್ಟು ಹೋಗು.”

“ನಾಳೆ ಬಾಡಿಗೆಯವ್ರನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ? ಆ ದೀಪ ಒಂದು ಆರ್ಸಿ ಕೊಡಣ್ಣ. ಹಿಂದೆ ಕೂತೋರು ಅದನ್ನೇ ನೋಡಿ ಹೆದರ್ಕೋತಾರೆ.”

“ಬೇಡ ಕಣೋ.”

“ಊರೋರಿಗೆಲ್ಲ ನೋಡೋಣ ಅಂತೀಯ, ಒಡಹುಟ್ಟಿದೋನಿಗೆ ಮಾತ್ರ ಬೇಡ ಅಂತೀಯ.”

ಮೇಸ್ತ್ರಿಗೆ ನಗು ಬಂತು. ನಕ್ಕ ಮೇಲೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಸ್ಕ್ಯಾನರಿನಲ್ಲಿ ಆ ಅಂಕಿಯನ್ನು ಅಳಿಸಿದರು. ದೀಪ ಆರಿತು, ದೋಷ ಇದ್ದಲ್ಲೇ ಇತ್ತು.

ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು ಹೊಗೆಕೊಳವೆಗೆ ಇಳಿದು ಅಲ್ಲಿ ಉರಿದರೆ, ಗಾಡಿಯ ಹೊಟ್ಟೆಯ ಕೆಳಗೆ ಕಬ್ಬಿಣ ಕೆಂಡವಾಗುತ್ತದೆ. ಮರುದಿನ ತಮ್ಮ ದೂರದ ಬಾಡಿಗೆ ಮುಗಿಸಿ, ರಸ್ತೆಯಂಚಿನ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಮಲಗಿದ. ಅವನೂ ಗಾಡಿಯೂ ಒಟ್ಟಿಗೆ ಸುಟ್ಟುಹೋದರು.

ಸಿಗರೇಟು ಹಿಡಿದೇ ನಿದ್ದೆ ಹೋಗಿರಬೇಕು ಎಂದರು ಎಲ್ಲರೂ. ಸಿಗರೇಟು ಬಿಟ್ಟೆನೆಂದು ಹೆಂಡತಿಗೆ ಮಾತು ಕೊಟ್ಟಿದ್ದವನು ಅವನು. ಅವಳು ಅವನ ಅಂಗಿಗಳನ್ನು ಮಡಿಸುತ್ತ, ಬೀದಿಗೆ ಕೇಳುವಂತೆ ಬೈಯುತ್ತಿದ್ದಳು: “ಬಿಟ್ಟೆ ಬಿಟ್ಟೆ ಅಂತ ಮೂಗಿಗೆ ತುಪ್ಪ ಸವರಿದ್ರಲ್ಲ, ಸುಳ್ಳುಗಾರ.” ಮೇಸ್ತ್ರಿ ಎದುರು ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ತನ್ನ ಹೆಸರು ಉಳಿಯುತ್ತಿತ್ತು. ಬಾಯಿ ಬಿಟ್ಟರೆ ತಮ್ಮನದು. ಎಷ್ಟೋ ದಿನ ಹೀಗೇ ಕಳೆದವು. ಕೊನೆಗೊಂದು ಮಧ್ಯಾಹ್ನ ಬೀದಿ ದಾಟಿದರು.

“ಅವನು ಸೇದಿರ್ಲಿಲ್ಲಮ್ಮ. ಬೆಂಕಿ ಗಾಡಿ ಕೆಳಗಿಂದ ಹತ್ತಿದ್ದು. ದೋಷ ಇದೆ ಅಂತ ಗೊತ್ತಿದ್ದೂ ದೀಪ ಆರ್ಸಿ ಕಳಿಸ್ದೆ.”

ಅವಳು ಕೈಯಲ್ಲಿದ್ದ ಅಂಗಿಯನ್ನು ಪೂರ್ತಿ ಮಡಿಸಿದಳು.

“ಇಷ್ಟು ದಿನ ನಾನು ಅವ್ರನ್ನ ಬೈತಾ ಇದ್ದೆ ಭಾವ. ನೀವು ಅಲ್ಲಿ ಕೂತು ಕೇಳಿಸ್ಕೊಳ್ತಾ ಇದ್ರಿ.”

“ಹೌದು.”

“ಗಾಡಿದು ಬಿಡಿ, ಅವ್ರೇ ಹಟ ಮಾಡಿರ್ತಾರೆ. ಇದನ್ನ ಮಾತ್ರ ಮರೆಯಲ್ಲ. ಇನ್ನು ಈ ಹೊಸಿಲು ತುಳೀಬೇಡಿ.”

ಅವರು ಮತ್ತೆ ತುಳಿಯಲಿಲ್ಲ. ದೀಪ ಮಾತ್ರ ಆರಿಸಿಕೊಡಿ ಎಂದು ಬಂದವರನ್ನು ಶೆಡ್ಡಿನ ಬಾಗಿಲಿನಿಂದಲೇ ತಿರುಗಿ ಕಳಿಸಿದರು. ಬರುವವರು ಕಡಿಮೆಯಾದರು. ಎದೆನೋವನ್ನು ಹೆಂಡತಿಗೂ ಹೇಳದೆ ನುಂಗಿಕೊಂಡು, ಒಂದು ಬೆಳಗ್ಗೆ ಶೆಡ್ಡಿನ ಬೆಂಚಿನ ಮೇಲೆ ಕೂತವರು ಏಳಲಿಲ್ಲ.

ಅವರು ಬಿಟ್ಟುಹೋದದ್ದು: ತಗಡಿನ ಶೆಡ್ಡು, ವೈರು ಸವೆದ ಸ್ಕ್ಯಾನರ್, ಎರಡು ಪೆಟ್ಟಿಗೆ ಸ್ಪ್ಯಾನರು, ಹೆಡ್ ಬಿಚ್ಚಿಟ್ಟ, ಇನ್ನೂ ಜೋಡಿಸದ ಒಂದು ಕಾರು, ಹೆಂಡತಿ, ಮಗಳು, ಸುಳ್ಳುಗಾರನೆಂಬ ಮಾತಿನಿಂದ ಬಿಡುಗಡೆಯಾದ ತಮ್ಮನ ಹೆಸರು, ಹೆಣ ಎತ್ತುವಾಗಲೂ ತೆರೆಯದ ಎದುರು ಮನೆಯ ಬಾಗಿಲು.