ನಯೇಲಿಯ ಬಲಗಾಲು

ಎಸೆತಕ್ಕೆ ನಿಂತಾಗ ನಯೇಲಿ ಬರ್ರಗಾನಳ ಕಣ್ಣು ಎದುರಿನ ಬ್ಯಾಟಿನ ಮೇಲಿರುತ್ತಿತ್ತು. ಮನಸ್ಸು ಮಾತ್ರ ತನ್ನ ಬಲಗಾಲಿನ ಹೆಬ್ಬೆರಳಿನಲ್ಲಿ. ಸಾಫ್ಟ್‌ಬಾಲಿನಲ್ಲಿ ತೋಳನ್ನು ಗಾಣದಂತೆ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಚೆಂಡನ್ನು ಬಿಡಬೇಕು. ಎಡಗಾಲು ಮುಂದಕ್ಕೆ ಚಿಮ್ಮುವಾಗ ಬಲಗಾಲಿನ ತುದಿ ನೆಲವನ್ನು ಉಜ್ಜಿಕೊಂಡೇ ಬರಬೇಕೆಂಬುದು ಆಗಿನ ನಿಯಮ. ಹಾಗೆ ಬಂದರೆ ಮಣ್ಣಿನ ಮೇಲೊಂದು ಉದ್ದನೆಯ ಗೆರೆ ಬೀಳುತ್ತದೆ. ಕಾಲು ನೆಲ ಬಿಟ್ಟರೆ ಗೆರೆ ನಡುವೆ ತುಂಡಾಗುತ್ತದೆ. ಅದು ಅಂಪೈರನ ಕಣ್ಣಿಗೆ ಬಿತ್ತೋ, ಅವನು ಎಡಗೈಯನ್ನು ಪಕ್ಕಕ್ಕೆ ಚಾಚುತ್ತಾನೆ. ಓಟದ ಹಾದಿಯ ತಂಗುದಾಣಗಳಾದ ಬೇಸುಗಳ ಮೇಲಿರುವ ಎದುರಾಳಿಗಳೆಲ್ಲ ಪುಕ್ಕಟೆಯಾಗಿ ಒಂದೊಂದು ಬೇಸು ಮುಂದೆ ನಡೆಯುತ್ತಾರೆ.

ಅವಳು ಆಟ ಕಲಿತದ್ದು ಕ್ಯಾಲಿಫೋರ್ನಿಯಾದ ಲಿಂಡ್ಸಿಯಲ್ಲಿ, ಮನೆಗೂ ಕಿತ್ತಳೆ ತೋಪಿಗೂ ನಡುವಿನ ಓಣಿಯಲ್ಲಿ. ತಂದೆ ರೆಫುಹಿಯೊ ಹಣ್ಣು ತುಂಬುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಊರಿಗೆಲ್ಲ ಕೂಕೊ ಎಂದೇ ಪರಿಚಿತ. ಸಂಜೆ ಬಂದವನೇ ಒಂದು ಬಕೆಟ್ಟನ್ನು ಕವುಚಿ ಅದರ ಮೇಲೆ ಕುಳಿತು, ಕೈಗವಸು ತೊಟ್ಟು, "ಹಾಕು ಪುಟ್ಟಿ" ಎನ್ನುತ್ತಿದ್ದ. ಆ ಸೀಮೆಯಲ್ಲಿ ಚೆಂಡೆಸೆಯುವ ಹುಡುಗಿಯರ ಅಪ್ಪಂದಿರೆಲ್ಲ ಹೀಗೆಯೇ. ವಾರದ ಕೊನೆಯ ಪಂದ್ಯಗಳಲ್ಲಿ ಬೇಲಿಯುದ್ದಕ್ಕೂ ಬಕೆಟ್ಟಿನ ಮೇಲೆ ಕುಳಿತ ಅಪ್ಪಂದಿರ ಸಾಲು ಕಾಣುತ್ತಿತ್ತು. ಮೊಣಕಾಲಿಗೆ ಪೆಟ್ಟು ತಿಂದು ಕುಂಟುವುದು ಅವರ ನಡುವೆ ಒಂದು ಹೆಮ್ಮೆ.

ಹನ್ನೆರಡು ತುಂಬುವಷ್ಟರಲ್ಲಿ ನಯೇಲಿಯ ಚೆಂಡು ಬ್ಯಾಟಿನ ಹತ್ತಿರ ಬಂದು ಮೇಲಕ್ಕೇಳುತ್ತಿತ್ತು. ಹೈಸ್ಕೂಲಿನಲ್ಲಿ ಅದನ್ನು ಮುಟ್ಟಿದವರು ಕಡಿಮೆ. ಕಾಲೇಜು ಅವಳನ್ನು ಕರೆದು ಸೇರಿಸಿಕೊಂಡಿತು. ಅಲ್ಲಿ ನಾಲ್ಕು ವರ್ಷ ಆಡಿದಳು. ಎರಡನೆಯ ವರ್ಷ ಎದುರು ತಂಡದ ತರಬೇತಿದಾರನೊಬ್ಬ, "ಅಂಪೈರೇ, ಅವಳ ಕಾಲು ನೋಡಿ, ಗಾಳಿಯಲ್ಲಿದೆ!" ಎಂದು ಕೂಗಿದ. ಅಂಪೈರು ನಕ್ಕು ಸುಮ್ಮನಾದ. ನಯೇಲಿಗೆ ಮಾತ್ರ ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಉಳಿಯಿತು. ಅಂದಿನಿಂದ ಪ್ರತಿ ಎಸೆತದ ನಂತರ ಹಿಂತಿರುಗಿ ಗೆರೆ ನೋಡುವುದು, ತುಂಡಾಗಿದ್ದರೆ ಯಾರೂ ಕಾಣುವ ಮೊದಲೇ ಪಾದದಿಂದ ಅಳಿಸುವುದು ಅಭ್ಯಾಸವಾಯಿತು. ವೇಗದ ಎಸೆತಗಳ ಗೆರೆ ಬಹುಮಟ್ಟಿಗೆ ತುಂಡಾಗಿಯೇ ಇರುತ್ತಿತ್ತು.

ಕಾಲೇಜು ಮುಗಿಯಿತು. ವೃತ್ತಿ ತಂಡಗಳು ಇದ್ದದ್ದೇ ನಾಲ್ಕಾರು, ಯಾರೂ ಕರೆಯಲಿಲ್ಲ. ನಯೇಲಿ ಅಪ್ಪನ ಕಾರ್ಖಾನೆಯಲ್ಲಿ ಏಳು ತಿಂಗಳು ನಿಂತು ಕೊಳೆತ ಕಿತ್ತಳೆ ಆರಿಸಿದಳು. ಆಮೇಲೆ ಅಜ್ಜಿ ಹುಟ್ಟಿದ್ದು ಮೆಕ್ಸಿಕೊದ ಹಾಲಿಸ್ಕೊದಲ್ಲಿ ಎಂಬ ಪತ್ರವನ್ನು ಹುಡುಕಿ ತರಿಸಿ, ಅದರ ಬಲದಿಂದ ಮೆಕ್ಸಿಕೊ ತಂಡ ಸೇರಿದಳು. ಬ್ಯಾಟಿನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಯಾದೀರಾ ಕೋತಾ ಮೆಕ್ಸಿಕೊದ ಎರ್ಮೊಸಿಯೊದವಳು. ಗಡಿಯಾಚೆ ಹುಟ್ಟಿದವಳೆಂದು ನಯೇಲಿಯನ್ನು ಕೀಟಲೆಗೆ 'ಗ್ರಿಂಗಾ' ಎಂದೇ ಕರೆಯುತ್ತಿದ್ದಳು.

"ಲೇ ಗ್ರಿಂಗಾ, ನಮ್ಮ ರಾಷ್ಟ್ರಗೀತೆ ಬರತ್ತೋ, ಬರೀ ಬಾಯಿ ಆಡಿಸ್ತೀಯೋ?"

"ಬಾಯಿ ಆಡಿಸ್ತೀನಿ."

"ಪರವಾಗಿಲ್ಲ. ನಿನ್ನ ಚೆಂಡು ಸ್ಪ್ಯಾನಿಷ್ ಮಾತಾಡತ್ತೆ."

ಅರ್ಹತಾ ಪಂದ್ಯಗಳು ಕೆನಡಾದ ಸರ್ರೆಯಲ್ಲಿ ನಡೆದವು. ಗೆದ್ದವರು ವಿಶ್ವಕಪ್ಪಿಗೆ. ನಯೇಲಿಗೆ ಅದಕ್ಕಿಂತ ಹತ್ತಿರದ್ದೊಂದಿತ್ತು. ಇಲಿನಾಯ್‌ನ ವೃತ್ತಿ ತಂಡದ ತರಬೇತಿದಾರಳು ಲೋರ್ನಾ ಸ್ಟಿಡಮ್ ಪಂದ್ಯ ನೋಡಲು ಬಂದಿದ್ದಳು. ಮೊದಲ ಪಂದ್ಯದಲ್ಲೇ ಅಂಪೈರನ ಕೈ ಎರಡು ಸಲ ಚಾಚಿತು. ಕಾಲೇಜಿನ ನಾಲ್ಕು ವರ್ಷದಲ್ಲಿ ಒಮ್ಮೆಯೂ ಆಗದ್ದು! ಪಂದ್ಯ ಹೇಗೋ ಗೆದ್ದರು. ಲೋರ್ನಾ ಬೇಲಿಯ ಬಳಿ ಅವಳನ್ನು ಕರೆದಳು.

"ನಿನ್ನ ಕೈ ನನಗಿಷ್ಟ. ಆದ್ರೆ ಕಾಲನ್ನ ನಂಬೋಕಾಗ್ತಿಲ್ಲ. ಈ ಪಂದ್ಯಗಳು ಮುಗಿಯೋದ್ರೊಳಗೆ ಅಂಪೈರ್ ಕೈ ಇನ್ನೊಂದು ಸಲ ಎದ್ರೆ, ನೀನು ನನಗೆ ಬೇಡ. ಏಳದೇ ಇದ್ರೆ ಜಾಗ ನಿನ್ನದು."

ಆ ಹೊತ್ತಿನಿಂದ ನಯೇಲಿಗೆ ಅನ್ನ ಸೇರಲಿಲ್ಲ.

ಮಗಳ ಆಟ ನೋಡಲು ಎರಡು ದಿನ ವಾಹನ ಓಡಿಸಿಕೊಂಡು ಬಂದಿದ್ದ ಕೂಕೊ ಮರುದಿನ ಬೆಳಗ್ಗೆ ಅಭ್ಯಾಸದ ಮೈದಾನದಲ್ಲಿ ಎದುರಿಗೆ ಕುಳಿತ. ಹತ್ತು ಎಸೆತ ಹಾಕಿದಳು. ಏಳರಲ್ಲಿ ಗೆರೆ ತುಂಡು.

"ಅಪ್ಪಾ, ಇದು ಯಾವಾಗಿನಿಂದ ಹೀಗೆ? ಕಾಲೇಜಿಗೆ ಹೋದ ಮೇಲೆ ಶುರುವಾಯ್ತಲ್ವಾ?"

ಕೂಕೊ ಕೈಗವಸನ್ನು ಕಳಚಿ ತೊಡೆಯ ಮೇಲಿಟ್ಟುಕೊಂಡ. "ಇಲ್ಲ, ಪುಟ್ಟಿ."

"ಮತ್ತೆ?"

"ನಿನಗೆ ಹನ್ನೆರಡು ವರ್ಷ ಇದ್ದಾಗಿನಿಂದ. ನೀನು ಒಳಗೆ ಹೋದ ಮೇಲೆ ಓಣೀನ ಪೊರಕೆಯಿಂದ ನಾನೇ ಗುಡಿಸ್ತಿದ್ದೆ. ನಿನ್ನ ಕಣ್ಣಿಗೆ ಬೀಳಬಾರದು ಅಂತ."

"ಯಾಕೆ?"

"ಕಾಲೆದ್ದಾಗ್ಲೇ ಚೆಂಡು ಚುರುಕಾಗಿ ಬರ್ತಿತ್ತು. ತಿದ್ದಿದ್ರೆ ನಿಧಾನ ಆಗತ್ತೆ, ಕಾಲೇಜಿನೋರು ತಗೊಳ್ಳಲ್ಲ ಅಂದ್ಕೊಂಡೆ. ಊರಲ್ಲಿ ಯಾವ ಅಂಪೈರ್ ತಾನೇ ನೋಡ್ತಾನೆ? ಬಕೆಟ್ ಮೇಲೆ ಕೂತ ಎಲ್ಲ ಅಪ್ಪಂದಿರೂ..."

"ಎಲ್ಲ ಅಪ್ಪಂದಿರ ಮಾತು ಬೇಡ!" ನಯೇಲಿ ಚೆಂಡನ್ನು ನೆಲಕ್ಕೆ ಬಡಿದಳು. "ಹನ್ನೆರಡರಲ್ಲಿ ಹೇಳಿದ್ರೆ ತಿದ್ದಿಕೊಳ್ತಿದ್ದೆ. ಈಗ ಒಂದು ದಿನದಲ್ಲಿ ಏನು ಮಾಡ್ಲಿ?"

"ಹೆಜ್ಜೆ ಸಣ್ಣದು ಮಾಡು. ಕೆಳಕ್ಕೆ ಬೀಳೋ ಚೆಂಡು ಹಾಕು. ಅದರಲ್ಲಿ ನಿನ್ನ ಕಾಲು ಏಳಲ್ಲ."

"ಅದನ್ನ ಎಲ್ಲರೂ ಹೊಡೀತಾರೆ."

ಕೂಕೊ ಕೈಗವಸನ್ನು ಮತ್ತೆ ತೊಟ್ಟುಕೊಂಡ. ಅವಳು ಅಪ್ಪನನ್ನು ಅಲ್ಲಿಯೇ ಬಿಟ್ಟು ನಡೆದಳು.

ಕೊನೆಯ ಪಂದ್ಯ ಪೋರ್ಟೊ ರಿಕೊ ಮೇಲೆ. ಆರನೆಯ ಇನಿಂಗ್ಸಿನವರೆಗೆ ಸಣ್ಣ ಹೆಜ್ಜೆಯಲ್ಲೇ ಆಟ ದೂಡಿದಳು. ಚೆಂಡು ಹೊಡೆಸಿಕೊಳ್ಳುತ್ತಿತ್ತು, ಗೆಳತಿಯರು ಬಿದ್ದೆದ್ದು ಹಿಡಿಯುತ್ತಿದ್ದರು. ಏಳನೆಯದೇ ಕೊನೆಯದು, ಎರಡೂ ತಂಡಗಳಿಗೆ ಒಂದೊಂದೇ ಓಟ. ಇಬ್ಬರು ಔಟ್ ಆಗಿದ್ದರು. ಮೂರನೆಯ ಬೇಸಿನಲ್ಲಿ ಎದುರಾಳಿಯೊಬ್ಬಳು 'ಮನೆ' ಎನ್ನುವ ಕೊನೆಯ ಬೇಸಿಗೆ ಓಡಲು ಹೊಂಚು ಹಾಕಿ ನಿಂತಿದ್ದಳು. ಕಾಲು ಎದ್ದು ಅಂಪೈರ್ ಕೈ ಚಾಚಿದರೆ ಅವಳು ನಡೆದುಕೊಂಡೇ ಬಂದು ಗೆಲ್ಲುತ್ತಾಳೆ. ಕಾಲು ಏಳದ ಚೆಂಡು ಹಾಕಿದರೆ ಬ್ಯಾಟಿನವಳು ಹೊಡೆಯುತ್ತಾಳೆ. ಮೊದಲನೆಯ ಬೇಸಿನ ಅಂಪೈರ್ ಬಗ್ಗಿ ಅವಳ ಪಾದವನ್ನೇ ನೋಡುತ್ತಿದ್ದ.

ಯಾದೀರಾ ತೊಡೆಗಳ ನಡುವೆ ಬೆರಳಿನಿಂದ ಸನ್ನೆ ಮಾಡಿದಳು: ದೊಡ್ಡ ಹೆಜ್ಜೆ ಬೇಡುವ, ಮೇಲೇಳುವ ಚೆಂಡು. ನಯೇಲಿ ತಲೆಯಾಡಿಸಿ ಬೇಡವೆಂದಳು. ಮತ್ತೆ ಅದೇ ಸನ್ನೆ. ಮತ್ತೆ ಬೇಡ. ಯಾದೀರಾ ಸಮಯ ಕೇಳಿ ಹತ್ತಿರ ಬಂದು, ಬಾಯಿಗೆ ಕೈಗವಸು ಅಡ್ಡ ಹಿಡಿದಳು.

"ಏನೇ ಗ್ರಿಂಗಾ, ಕಣ್ಣಿಗೆ ನೊಣ ಹೊಕ್ಕಿದ್ಯಾ?"

"ಕೆಳಕ್ಕೆ ಬೀಳೋದು ಹಾಕ್ತೀನಿ."

"ಹೋದ ಸಲ ಅವಳು ಅದನ್ನೇ ಬಾರಿಸಿದ್ದು. ಮೇಲೇಳೋ ಚೆಂಡನ್ನ ಈ ಕೂಟದಲ್ಲಿ ಒಮ್ಮೆನೂ ಮುಟ್ಟಿಲ್ಲ."

ನಯೇಲಿ ಮತ್ತೆ ಬೇಡವೆಂದು ತಲೆಯಾಡಿಸಿದಳು.

"ಸರಿ, ಕೈ ನಿನ್ನದು," ಎಂದು ಯಾದೀರಾ ಹಿಂತಿರುಗಿದಳು.

ಹೆಬ್ಬೆರಳು ನೆಲಕ್ಕೆ ಅಂಟಿಕೊಂಡೇ ಬಂತು. ಚೆಂಡು ಬೀಳಬೇಕಾದಷ್ಟು ಬೀಳಲಿಲ್ಲ. ಬ್ಯಾಟು ಅದನ್ನು ಮೈದಾನದ ನಡುವಿನ ಬಯಲಿಗೆ ಅಟ್ಟಿತು. ಮೂರನೆಯ ಬೇಸಿನವಳು ಮನೆ ಮುಟ್ಟಿದಳು. ಆಟ ಮುಗಿಯಿತು.

ಚೆಂಡು ಎಲ್ಲಿ ಹೋಯಿತೆಂದು ನಯೇಲಿ ನೋಡಿರಲಿಲ್ಲ. ಅವಳು ಮೊದಲು ನೋಡಿದ್ದು ಅಂಪೈರನ ಕೈಯನ್ನು. ಅದು ಸುಮ್ಮನೆ ಜೋತು ಬಿದ್ದಿತ್ತು. ಒಂದು ಗಳಿಗೆ ಎದೆ ಹಗುರವಾಯಿತು. ಅಷ್ಟರಲ್ಲಿ ಗೆಳತಿಯರು ಮಣ್ಣಿನಲ್ಲಿ ಕುಕ್ಕರಿಸಿ ಅಳುವುದು ಕಾಣಿಸಿತು.

ಮೈದಾನದ ಬಾಗಿಲ ಬಳಿ ಲೋರ್ನಾ, "ಮೇ ತಿಂಗಳಲ್ಲಿ ಬಾ," ಎಂದಷ್ಟೇ ಹೇಳಿ ಹೋದಳು.

ಬಸ್ಸಿನಲ್ಲಿ ಯಾದೀರಾ ಮಂಡಿಗೆ ಮಂಜುಗಡ್ಡೆ ಒತ್ತಿಕೊಂಡು ಪಕ್ಕದಲ್ಲಿ ಕುಳಿತಳು. "ಯಾಕೆ ಬೇಡ ಅಂದೆ?"

ಮಣಿಕಟ್ಟು ನೋಯುತ್ತಿತ್ತು ಎಂದರೆ ನಂಬುತ್ತಿದ್ದಳು. ನಯೇಲಿ ಹಾಗೆನ್ನಲಿಲ್ಲ. "ಕಾಲು ಏಳ್ತಿತ್ತು. ಎದ್ರೆ ಆಟಾನೂ ಹೋಗ್ತಿತ್ತು, ಲೋರ್ನಾ ಕೊಡೋ ಕೆಲಸಾನೂ ಹೋಗ್ತಿತ್ತು."

"ಮೊದಲು ಯಾವುದು ನೆನಪಾಯ್ತು?"

"ಕೆಲಸ."

ಯಾದೀರಾ ಮಂಜುಗಡ್ಡೆಯ ಚೀಲ ಎತ್ತಿಕೊಂಡು ಎದ್ದು ಹಿಂದಿನ ಸೀಟಿಗೆ ಹೋದಳು.

ನಯೇಲಿ ಇಲಿನಾಯ್‌ನಲ್ಲಿ ಮೂರು ಬೇಸಿಗೆ ಆಡಿದಳು. ಹೆಜ್ಜೆ ಸಣ್ಣದಾಯಿತು, ವೇಗ ತಗ್ಗಿತು. ಬುದ್ಧಿಯಿಂದ ಎಸೆಯುವುದನ್ನು ಕಲಿತಳು. ಹೆಸರಾಂತಳಾಗಲಿಲ್ಲ, ಬೇಡದವಳೂ ಆಗಲಿಲ್ಲ. ಅಪ್ಪನೊಡನೆ ಮಾತು ಕ್ರಿಸ್‌ಮಸ್ಸಿಗೆ ಮರಳಿತು. ಹಬ್ಬದ ತಮಾಲೆ ಕಡುಬು ಕಟ್ಟುತ್ತಾ ಇಬ್ಬರೂ ಕಾಲಿನ ವಿಷಯ ಎತ್ತಲಿಲ್ಲ.

ಮೂರನೆಯ ವರ್ಷದ ಕೊನೆಗೆ ಮೆಕ್ಸಿಕೊ ತಂಡದಿಂದ ಮತ್ತೆ ಕರೆ ಬಂತು. ಒಪ್ಪುವ ಮೊದಲು ಅವಳು ಎರ್ಮೊಸಿಯೊಗೆ ಫೋನು ಮಾಡಿದಳು. ಗಂಟೆ ಬಹಳ ಹೊತ್ತು ಬಡಿಯಿತು.

"ನಾನು, ನಯೇಲಿ. ಬರ್ಲಾ?"

ಆ ಕಡೆ ಯಾವುದೋ ಮಗು ಅಳುವುದು ಕೇಳಿಸಿತು.

"ಬಾ," ಎಂದಳು ಯಾದೀರಾ ಕಡೆಗೆ. "ಆದ್ರೆ ಈ ಸಲ ನಾನು ತೋರಿಸಿದ್ದನ್ನ ಹಾಕ್ಬೇಕು."

"ಕಾಲು ಎದ್ರೆ?"

"ಎದ್ರೆ ಏಳತ್ತೆ. ಇಬ್ಬರೂ ಸೇರಿ ಸೋತ ಹಾಗಾಗತ್ತೆ."

ತನ್ನ ಕಾಲಿನ ಮೇಲೆ ನಯೇಲಿಗೆ ಇನ್ನೂ ನಂಬಿಕೆ ಇರಲಿಲ್ಲ. ಆದರೂ ಬರುತ್ತೇನೆ ಎಂದಳು.